ಪೌಡರ್ ಕೋಟಿಂಗ್ ಗನ್ ಕೊಳ್ಳುವ ಮುಂಚೆ ಮೂಲೆ ನೋಡಿ

ಪೌಡರ್ ಕೋಟಿಂಗ್ ಅಂದರೆ ಬಣ್ಣದ ಪುಡಿಗೆ ಗನ್ನಿನಿಂದ ವಿದ್ಯುತ್ ಚಾರ್ಜ್ ಕೊಟ್ಟು ಲೋಹಕ್ಕೆ ಅಂಟಿಸಿ, ಓವನ್ನಿನಲ್ಲಿ ಬೇಯಿಸುವುದು. ಪೀಣ್ಯದ ನಮ್ಮ ಶೆಡ್ಡಿಗೆ ಬರುವುದು ಜಾಸ್ತಿ ಎಲೆಕ್ಟ್ರಿಕಲ್ ಪ್ಯಾನಲ್ ಬಾಕ್ಸ್‌ಗಳೇ. ಬಾಕ್ಸಿನ ಹೊರಮೈಗೆ ಯಾವ ಗನ್ ಆದರೂ ಪೌಡರ್ ಕೂರಿಸುತ್ತದೆ. ಅದರ ಯೋಗ್ಯತೆ ಗೊತ್ತಾಗುವುದು ಒಳಗಿನ ಮೂಲೆಯಲ್ಲಿ. ಗನ್ ನೋಡಲು ಹೋಗುವಾಗ ನಿಮ್ಮದೇ ಬಾಕ್ಸ್, ನಿಮ್ಮದೇ ಪೌಡರ್ ಒಯ್ಯಿರಿ. ಚಪ್ಪಟೆ ತಗಡಿನ ಮೇಲೆ ಡೆಮೊ ನೋಡಿ ದುಡ್ಡು ಕೊಡಬೇಡಿ.

ಗನ್‌ಗಳಲ್ಲಿ ಎರಡು ಜಾತಿ. ಟ್ರೈಬೊ ಗನ್ನಿನಲ್ಲಿ ಪೌಡರ್ ಟೆಫ್ಲಾನ್ ಕೊಳವೆಗೆ ಉಜ್ಜಿಕೊಂಡು ಚಾರ್ಜ್ ಆಗುತ್ತದೆ. ಮೂಲೆಗೆ ಚೆನ್ನಾಗಿ ಇಳಿಯುತ್ತದೆ, ಆದರೆ ಅದಕ್ಕೆಂದೇ ಮಾಡಿದ ಪೌಡರ್ ಬೇಕು, ಕೊಳವೆಯೂ ಸವೆಯುತ್ತದೆ. ಜಾಬ್‌ವರ್ಕಿನಲ್ಲಿ ಗಿರಾಕಿ ಹೇಳಿದ ಪೌಡರನ್ನೇ ಹೊಡೆಯಬೇಕಲ್ವಾ? ಹಾಗಾಗಿ ನನ್ನ ಮತ ಕರೋನಾ ಗನ್ನಿಗೆ. ಇದರಲ್ಲಿ ಪೌಡರನ್ನು ಚಾರ್ಜ್ ಮಾಡುವುದು ತುದಿಯ ಎಲೆಕ್ಟ್ರೋಡ್, ಅದಕ್ಕೆ ಸಾಮಾನ್ಯವಾಗಿ 100 ಕಿಲೋವೋಲ್ಟ್‌ವರೆಗೂ ಕೊಡಬಹುದು. ಕಿಲೋವೋಲ್ಟ್, ಮೈಕ್ರೋಆಂಪ್ ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಲು ಬರುವ ಕಂಟ್ರೋಲರ್ ಇರಲೇಬೇಕು.

ಯಾಕೆಂದರೆ ವೋಲ್ಟೇಜ್ ಜಾಸ್ತಿ ಇಟ್ಟಷ್ಟೂ ಪೌಡರ್ ಅಂಚಿಗೇ ಓಡುತ್ತದೆ, ಮೂಲೆ ಖಾಲಿ ಉಳಿಯುತ್ತದೆ. ಮೂಲೆಗೆ ಹೊಡೆಯುವಾಗ 50-60 ಕಿಲೋವೋಲ್ಟ್, 10-20 ಮೈಕ್ರೋಆಂಪಿಗೆ ಇಳಿಸಿ. ಗಾಳಿಯನ್ನೂ ತಗ್ಗಿಸಿ. ಮೊದಲು ಮೂಲೆ, ಆಮೇಲೆ ಬಯಲು ಜಾಗ. ಎರಡನೇ ಸಲದ ಕೋಟಿಂಗಿಗೂ ಕರೆಂಟ್ ಕಮ್ಮಿ ಇರಲಿ, ಇಲ್ಲದಿದ್ದರೆ ಮೈಮೇಲೆ ಸಣ್ಣ ಗುಳಿಗಳೇಳುತ್ತವೆ.

ಪೌಡರ್ ಹಿಡಿಯುತ್ತಿಲ್ಲ ಅಂದರೆ ಸುಮ್ನೆ ಗನ್ನನ್ನು ಬೈಯಬೇಡಿ. ಬಾಕ್ಸ್ ನೇತುಹಾಕುವ ಹುಕ್ ನೋಡಿ. ನಾಲ್ಕಾರು ಸಲ ಓವನ್ನಿಗೆ ಹೋಗಿಬಂದ ಹುಕ್ಕಿನ ಮೇಲೆ ಕೋಟಿಂಗ್ ದಪ್ಪಗೆ ಕೂತಿರುತ್ತದೆ, ಅರ್ಥಿಂಗ್ ಅಲ್ಲೇ ತಪ್ಪುತ್ತದೆ. ಮೆಗ್ಗರ್ (ರೆಸಿಸ್ಟೆನ್ಸ್ ಅಳೆಯುವ ಮೀಟರ್) ಇಟ್ಟರೆ ಬಾಕ್ಸಿಗೂ ಅರ್ಥಿಗೂ ನಡುವೆ 1 ಮೆಗಾಓಮ್ ಒಳಗೇ ಇರಬೇಕು. ಗನ್ ಹಿಡಿಯುವವರಿಗೂ ಅರ್ಥಿಂಗ್ ಬೇಕು, ಅದಕ್ಕೆ ಅಂಗೈ ಗನ್ನಿನ ಹಿಡಿಗೆ ನೇರ ತಾಗಬೇಕು, ರಬ್ಬರ್ ಗ್ಲೌಸ್ ಬೇಡ.

ಇನ್ನು ಗಾಳಿ. ಏರ್ ಪೈಪ್ ಬಿಚ್ಚಿ, ಬಿಳಿ ಹಾಳೆಯ ಮೇಲೆ ಒಂದು ನಿಮಿಷ ಗಾಳಿ ಬಿಡಿ. ಒದ್ದೆ ಕಲೆಯೋ ಎಣ್ಣೆ ಜಿಡ್ಡೋ ಕಂಡರೆ ಆ ದಿನ ಗನ್ ಮುಟ್ಟಬೇಡಿ, ಮೊದಲು ಡ್ರೈಯರ್, ಫಿಲ್ಟರ್ ಸರಿಮಾಡಿ. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನಕ್ಕೆರಡು ಸಲ ಬಿಡಿ.

ಸಂಜೆ ಪವರ್ ಆಫ್ ಮಾಡಿ, ಎಲೆಕ್ಟ್ರೋಡನ್ನು ಅರ್ಥಿಗೆ ಮುಟ್ಟಿಸಿ, ಆಮೇಲೇ ನಾಜಲ್ ಬಿಚ್ಚಿ. ಗಾಳಿ ಊದಿ ಒರೆಸಿ. ಕರಗಿ ಅಂಟಿದ ಪೌಡರನ್ನು ಮರದ ಕಡ್ಡಿಯಿಂದ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿ ಗೀರಿದರೆ ಆ ಗೀರಿನಲ್ಲೇ ಮತ್ತೆ ಪೌಡರ್ ಕೂರುತ್ತದೆ. ಥಿನ್ನರ್ ಹತ್ತಿರವೂ ತರಬೇಡಿ.

ಪೌಡರ್ ಪಂಪಿನೊಳಗಿನ ಟೆಫ್ಲಾನ್ ಸ್ಲೀವ್ ಬೆಳಕಿಗೆ ಹಿಡಿದು ನೋಡಿ. ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಬದಲಿಸಿ. ಸವೆದ ಸ್ಲೀವಿನಲ್ಲಿ ಪೌಡರ್ ಕಮ್ಮಿ ಬರುತ್ತದೆ, ಹುಡುಗರು ಗಾಳಿ ಏರಿಸುತ್ತಾರೆ, ಮೂಲೆಗೆ ಬಿದ್ದ ಪೌಡರ್ ಹಾರಿಹೋಗುತ್ತದೆ. ಕೊಳ್ಳುವಾಗಲೇ ಈ ಸ್ಲೀವ್, ನಾಜಲ್, ಕ್ಯಾಸ್ಕೇಡ್ (ಹೈ ವೋಲ್ಟೇಜ್ ಹುಟ್ಟಿಸುವ ಭಾಗ) ಬೆಲೆ ಕೇಳಿ, ಸ್ಪೇರ್ ಊರಲ್ಲೇ ಸಿಗುತ್ತದಾ ಅಂತಲೂ ಕೇಳಿ.

ಗನ್ನನ್ನು ಬಾಕ್ಸಿನ ಹತ್ತಿರ ತಂದಂತೆ ಮೈಕ್ರೋಆಂಪ್ ಏರಬೇಕು. ಅಲುಗದೇ ಇದ್ದರೆ ಮೊದಲು ಎಲೆಕ್ಟ್ರೋಡ್ ತುದಿ, ಕೇಬಲ್ ನೋಡಿ. ಅವು ಸರಿಯಿದ್ದರೆ ತೊಂದರೆ ಕ್ಯಾಸ್ಕೇಡಿನದ್ದಿರಬಹುದು. ಅದನ್ನು ಶೆಡ್ಡಿನಲ್ಲಿ ಬಿಚ್ಚಬೇಡಿ, ಸರ್ವೀಸಿನವರಿಗೆ ಕೊಡಿ.