ಹೊಸ ಕಣ್ಣಿನ ಹನಿ, ಆರೋಗ್ಯವಂತರ ಕಣ್ಣು: ಮೊದಲ ಹಂತದ ಪ್ರಯೋಗದಲ್ಲಿ ನನ್ನ ಅನುಭವ

ನಾನು ಕಣ್ಣಿನ ಡಾಕ್ಟರ್. ಹೊಸ ಔಷಧಗಳ ಮೊದಲ ಹಂತದ ಪ್ರಯೋಗಗಳಲ್ಲಿ ಕೆಲಸ ಮಾಡುತ್ತೇನೆ ಅಂದಾಗ ಜನ ಕೇಳುವುದು ಒಂದೇ ಪ್ರಶ್ನೆ. ಕಾಯಿಲೆಯೇ ಇಲ್ಲದವರ ಕಣ್ಣಿಗೆ ಯಾಕೆ ಔಷಧ ಹಾಕುತ್ತೀರಿ? ಕೇಳಲೇಬೇಕಾದ ಪ್ರಶ್ನೆ ಅದು. ಗ್ಲಾಕೋಮಾ, ಅಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿಯ ನರ ಹಾಳಾಗುವ ಕಾಯಿಲೆ, ಇರುವವರ ಕಣ್ಣು ವರ್ಷಗಟ್ಟಲೆ ಬೇರೆ ಬೇರೆ ಹನಿ ಬಿದ್ದು ಆಗಲೇ ಸ್ವಲ್ಪ ಕೆಂಪಾಗಿರುತ್ತದೆ, ಒಣಗಿರುತ್ತದೆ. ಅಂಥ ಕಣ್ಣಿಗೆ ಹೊಸ ಹನಿ ಹಾಕಿ, ಕೆಂಪು ಜಾಸ್ತಿಯಾದರೆ ಯಾವುದರಿಂದ ಆಯಿತು ಎಂದು ಹೇಳುವುದು ಕಷ್ಟ. ಆರೋಗ್ಯವಂತರ ಕಣ್ಣಿನಲ್ಲಿ ಆ ಗೊಂದಲ ಕಡಿಮೆ. ಅದಕ್ಕೇ ಮೊದಲು ಇವರು, ಆಮೇಲೆ ರೋಗಿಗಳು.

ಇಲ್ಲಿ ಹೇಳುತ್ತಿರುವುದು ಬೆಂಗಳೂರಿನಲ್ಲಿ ನಾವು ಮಾಡಿದ ಅಂಥದ್ದೇ ಒಂದು ಪ್ರಯೋಗದ ವಿಷಯ. ಕಣ್ಣಿನೊಳಗಿನ ಒತ್ತಡ ಇಳಿಸುವ ಹನಿ ಅದು. ಔಷಧದ ಹೆಸರು ಹೇಳುವಂತಿಲ್ಲ, ಗೋಪ್ಯತೆಯ ಒಪ್ಪಂದ ಇದೆ. ಕೆಲಸ ಹೇಗೆ ನಡೆಯಿತು ಎಂದು ಹೇಳಲು ಅಡ್ಡಿಯಿಲ್ಲ.

ಮನುಷ್ಯರ ಹತ್ತಿರ ಬರುವ ಮೊದಲು ಇಂಥ ಹನಿ ಪ್ರಾಣಿಗಳ ಕಣ್ಣಿನಲ್ಲಿ ಪರೀಕ್ಷೆಯಾಗಿ ಬಂದಿರುತ್ತದೆ. ಮೊಲದ ಕಣ್ಣಿಗೆ ಹಾಕಿ ಕೆಂಪು, ಊತಕ್ಕೆ ಅಂಕ ಕೊಡುವ ಪದ್ಧತಿಯನ್ನು ಡ್ರೇಜ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1944ರಲ್ಲಿ ಪ್ರಕಟಿಸಿದರು. ಆದರೆ ಮೊಲ ನಮ್ಮಂತೆ ಪಟಪಟ ರೆಪ್ಪೆ ಬಡಿಯುವುದಿಲ್ಲ, ನಿಮಿಷಗಟ್ಟಲೆ ಕಣ್ಣು ತೆರೆದೇ ಕೂರುತ್ತದೆ. ಹನಿ ಅದರ ಕಣ್ಣಿನಲ್ಲಿ ಉಳಿಯುವ ಹೊತ್ತೇ ಬೇರೆ. ಜೊತೆಗೆ, ಎಷ್ಟು ಉರಿಯುತ್ತಿದೆ ಎಂದು ಅದು ಬಾಯಿಬಿಟ್ಟು ಹೇಳಲಾರದು.

ಈ ಕೊನೆಯ ಮಾತೇ ನನಗೆ ಮುಖ್ಯ. ಹನಿಯಿಂದ ಕಣ್ಣಿಗೆ ಹಾನಿ ಆಯಿತೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಯಂತ್ರಗಳಿಂದ ನೋಡಬಹುದು. ಆ ಹನಿಯನ್ನು ತಡೆದುಕೊಳ್ಳಲು ಆಗುತ್ತದೋ ಇಲ್ಲವೋ ಎಂಬುದನ್ನು ಹಾಕಿಸಿಕೊಂಡವರೇ ಹೇಳಬೇಕು. ಗ್ಲಾಕೋಮಾ ಇದ್ದವರು ಹನಿಯನ್ನು ಜೀವನಪೂರ್ತಿ ಹಾಕಬೇಕಾಗಬಹುದು. ಪ್ರತಿ ರಾತ್ರಿ ಕಣ್ಣು ಉರಿದರೆ ಎಷ್ಟು ದಿನ ಹಾಕಿಯಾರು? ನೋವು ಕೊಡದೆ ಸದ್ದಿಲ್ಲದೆ ದೃಷ್ಟಿ ತಿನ್ನುವ ಕಾಯಿಲೆ ಅದು. ಹನಿ ಬಿಟ್ಟವರಿಗೆ ನಷ್ಟ ಗೊತ್ತಾಗುವಾಗ ತಡವಾಗಿರುತ್ತದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಅದಕ್ಕೇ ವಾಲಂಟಿಯರ್‌ಗಳು ಹೆದರದೆ ನಿಜ ಹೇಳುವ ಹಾಗೆ ನೋಡಿಕೊಳ್ಳುವುದಕ್ಕೆ ನಾನು ಉಳಿದೆಲ್ಲ ಕೆಲಸಕ್ಕಿಂತ ಜಾಸ್ತಿ ಗಮನ ಕೊಡುತ್ತೇನೆ.

ಅದು ಶುರುವಾಗುವುದು ದುಡ್ಡಿನ ವಿಷಯದಿಂದ. ನಮ್ಮಲ್ಲಿಗೆ ಬಂದವರಲ್ಲಿ ಕ್ಯಾಬ್ ಓಡಿಸುವವರಿದ್ದರು, ಅಂಗಡಿಗಳಲ್ಲಿ ಕೆಲಸ ಮಾಡುವವರಿದ್ದರು, ಕೆಲಸ ಹುಡುಕುತ್ತಿದ್ದ ಡಿಗ್ರಿ ಹುಡುಗರಿದ್ದರು. ಕಳೆದುಕೊಂಡ ದುಡಿಮೆಗೆ ಬದಲಾಗಿ ಹಣ ಕೊಡುತ್ತೇವೆ. ಅದು ಎಷ್ಟು, ಯಾವಾಗ ಎಂಬುದನ್ನು ಪ್ರಯೋಗಕ್ಕೆ ಬಂದವರ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಆ ಕಮಿಟಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು. ಅವರಲ್ಲಿ ವೈದ್ಯಕೀಯಕ್ಕೆ ಸಂಬಂಧವಿಲ್ಲದ ಒಬ್ಬ ಸಾಮಾನ್ಯ ಸದಸ್ಯರೂ ಇರಲೇಬೇಕು. ನಮ್ಮ ಕಮಿಟಿಯಲ್ಲಿ ಆ ಜಾಗದಲ್ಲಿದ್ದವರು ನಿವೃತ್ತ ಮೇಷ್ಟ್ರು. ಅವರು ಕೇಳಿದ ಒಂದು ಪ್ರಶ್ನೆ ಇಡೀ ಪ್ರಯೋಗದ ದಾರಿಯನ್ನೇ ಸರಿ ಮಾಡಿತು ಅಂತ ನನಗೆ ಈಗಲೂ ಅನಿಸುತ್ತದೆ. "ಉರಿ ತಡೆಯೋಕಾಗದೆ ಮಧ್ಯದಲ್ಲಿ ಬಿಟ್ಟವನಿಗೆ ಹಣ ಕಡಿಮೆ ಕೊಡ್ತೀರಾ? ಹಾಗಾದ್ರೆ ಅವನು ಉರೀತು ಅಂತ ಯಾಕೆ ಹೇಳ್ತಾನೆ?"

ಒಪ್ಪಿಗೆ ಪತ್ರವನ್ನು ತಿದ್ದಿದೆವು. ಹನಿಯ ತೊಂದರೆಯಿಂದ ನಿಲ್ಲಿಸಿದವರಿಗೆ ಪೂರ್ತಿ ಹಣ. ಬೇರೆ ಕಾರಣಕ್ಕೆ ಬಿಟ್ಟವರಿಗೆ ಬಂದಷ್ಟು ದಿನದ ಹಣ. ಇದನ್ನು ನಾನು ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿದೆ, ಅವರಿಂದ ತಿರುಗಿ ಹೇಳಿಸಿದೆ. "ಈ ಔಷಧದಿಂದ ನಿಮಗೆ ಯಾವ ಲಾಭವೂ ಇಲ್ಲ, ನಿಮ್ಮ ಕಣ್ಣು ಚೆನ್ನಾಗೇ ಇದೆ" ಎಂಬ ಮಾತನ್ನೂ ಹಾಗೇ ಹೇಳಿಸಿದೆ. ಹನಿ ಹಾಕಿಸಿಕೊಂಡರೆ ಕಣ್ಣು ಇನ್ನೂ ಚುರುಕಾಗುತ್ತದೆ ಅಂದುಕೊಂಡು ಬಂದವರೂ ಇದ್ದರು. ಅಂಥವರನ್ನು ಮನೆಗೆ ಕಳಿಸಿ, ಯೋಚಿಸಿ ಮರುದಿನ ಬನ್ನಿ ಅಂದೆವು. ಒಬ್ಬಿಬ್ಬರು ಬರಲಿಲ್ಲ. ಒಳ್ಳೆಯದೇ ಆಯಿತು.

ಆಯ್ಕೆಯ ಪರೀಕ್ಷೆಯಲ್ಲಿ ಬಹಳ ಜನ ಹೊರಗುಳಿದರು. ಇಪ್ಪತ್ತರ ಹರೆಯದವರ ಕಣ್ಣು ಚೆನ್ನಾಗಿರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಫ್ಲೋರೆಸಿನ್ ಎಂಬ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಕಣ್ಣೀರಿನ ಪದರ ಎಷ್ಟು ಬೇಗ ಒಡೆಯುತ್ತದೆ ಎಂದು ಗೊತ್ತಾಗುತ್ತದೆ. ಸಾಮಾನ್ಯವಾಗಿ 10 ಸೆಕೆಂಡಾದರೂ ನಿಲ್ಲಬೇಕು. ಇಡೀ ದಿನ ಮೊಬೈಲ್ ನೋಡುವ ಹುಡುಗರಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಒಡೆಯುತ್ತಿತ್ತು. ಅವರಿಗೆ ತೊಂದರೆ ಇದ್ದದ್ದು ಅವರಿಗೇ ಗೊತ್ತಿರಲಿಲ್ಲ. ಇನ್ನೊಬ್ಬರ ಕಣ್ಣಿನ ಒತ್ತಡ ಸಾಮಾನ್ಯ ಮಿತಿಯಾದ 21 ಮಿಲಿಮೀಟರ್ ಪಾದರಸಕ್ಕಿಂತ ಮೇಲಿತ್ತು. ಒಳಗಿನ ದೃಷ್ಟಿನರದ ಮುಖವೂ ಗ್ಲಾಕೋಮಾದಲ್ಲಿ ಆಗುವ ಹಾಗೆ ಗುಳಿಬಿದ್ದಿತ್ತು. ವಾಲಂಟಿಯರ್ ಆಗಲು ಬಂದವರು ಚಿಕಿತ್ಸೆ ಬೇಕಾದವರಾಗಿದ್ದರು. ಪತ್ರ ಬರೆದುಕೊಟ್ಟು ಮಿಂಟೋ ಕಣ್ಣಿನ ಆಸ್ಪತ್ರೆಗೆ ಕಳಿಸಿದೆವು.

ಹನಿ ಹಾಕುವ ದಿನ. ಒಂದೊಂದು ತಂಡಕ್ಕೆ ಔಷಧದ ಒಂದೊಂದು ಪ್ರಮಾಣ. ಒಂದು ತಂಡದಲ್ಲಿ 8 ಜನ. 6 ಮಂದಿಗೆ ಔಷಧ, 2 ಮಂದಿಗೆ ಔಷಧವಿಲ್ಲದ ಬರೀ ದ್ರಾವಣ. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬರೀ ದ್ರಾವಣ ಯಾಕೆ ಬೇಕು ಅಂದರೆ, ಅದೂ ಉರಿಯಬಹುದು. ಕಣ್ಣೀರಿನ ಪಿಎಚ್ ಸುಮಾರು 7.4. ದ್ರಾವಣ ಅದಕ್ಕಿಂತ ತುಂಬ ಹುಳಿಯಾಗಿದ್ದರೆ ಚುರ್ರೆನ್ನುತ್ತದೆ. ಕೆಡದಂತೆ ಹಾಕುವ ಬೆಂಜಾಲ್ಕೋನಿಯಂ ಕ್ಲೋರೈಡ್ ಕೂಡ ಕಣ್ಣಿನ ಮೇಲ್ಪದರವನ್ನು ಕೆಣಕುತ್ತದೆ. ಹೋಲಿಕೆ ಇಲ್ಲದಿದ್ದರೆ ತಪ್ಪನ್ನೆಲ್ಲ ಔಷಧದ ಮೇಲೆ ಹೊರಿಸಿಬಿಡುತ್ತೇವೆ.

ಎಂಟೂ ಜನರಿಗೆ ಒಂದೇ ದಿನ ಹಾಕಲಿಲ್ಲ. ಮೊದಲು ಇಬ್ಬರಿಗೆ ಮಾತ್ರ, ಒಬ್ಬರಿಗೆ ಔಷಧ, ಒಬ್ಬರಿಗೆ ದ್ರಾವಣ. 24 ಗಂಟೆ ಕಾದು, ಎಲ್ಲ ಸರಿಯಿದ್ದರೆ ಉಳಿದವರಿಗೆ. ಈ ಎಚ್ಚರಿಕೆಯ ಹಿಂದೆ 2006ರ ಲಂಡನ್ ಘಟನೆ ಇದೆ. ಅಲ್ಲಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಟಿಜಿಎನ್ 1412 ಎಂಬ ಔಷಧವನ್ನು 6 ಆರೋಗ್ಯವಂತ ಯುವಕರಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ರಕ್ತನಾಳದ ಮೂಲಕ ಕೊಟ್ಟರು. ಆರೂ ಜನರ ಅಂಗಾಂಗಗಳು ಕೈಕೊಟ್ಟು ಐಸಿಯು ಸೇರಿದರು. ಜೀವ ಉಳಿಯಿತು. ಮೊದಲನೆಯವನ ಮೇಲೆ ಏನಾಗುತ್ತದೆ ಎಂದು ಕಾದಿದ್ದರೆ ಉಳಿದವರಿಗೆ ಅದು ತಪ್ಪುತ್ತಿತ್ತು. ಕಣ್ಣಿನ ಹನಿಯಲ್ಲಿ ಅಷ್ಟು ಅಪಾಯ ಇಲ್ಲ ಅಂತ ಸಡಿಲ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಯಾಕೆಂದರೆ ಹನಿ ಕಣ್ಣಿನಲ್ಲೇ ಉಳಿಯುವುದಿಲ್ಲ. ಬಾಟಲಿಯಿಂದ ಬೀಳುವ ಒಂದು ಹನಿ 30ರಿಂದ 50 ಮೈಕ್ರೋಲೀಟರ್. ಕಣ್ಣಿನಲ್ಲಿ ಅದಕ್ಕೆ ಇರುವ ಜಾಗ ಹೆಚ್ಚೆಂದರೆ 30. ಉಳಿದದ್ದು ಕೆನ್ನೆಗೆ ಹರಿಯುತ್ತದೆ, ಇಲ್ಲವೇ ಒಳಮೂಲೆಯ ಸಣ್ಣ ತೂತಿನಿಂದ ಮೂಗಿಗೆ ಇಳಿಯುತ್ತದೆ. ಮೂಗಿನ ಒಳಪದರದಿಂದ ನೇರ ರಕ್ತಕ್ಕೆ. ಮಾತ್ರೆ ನುಂಗಿದಾಗ ಯಕೃತ್ತು ಸ್ವಲ್ಪ ಔಷಧವನ್ನು ಮೊದಲೇ ಒಡೆಯುತ್ತದೆ, ಇಲ್ಲಿ ಆ ತಡೆಯೂ ಇಲ್ಲ. ಗ್ಲಾಕೋಮಾಕ್ಕೆ ಬಳಸುವ ಟಿಮೊಲಾಲ್ ಹನಿ ನಾಡಿಬಡಿತ ಇಳಿಸುವುದು, ಅಸ್ತಮಾ ಇರುವವರಿಗೆ ಉಸಿರು ಕಟ್ಟಿಸುವುದು ಹೀಗೆಯೇ. ಮನೆಯಲ್ಲಿ ಹನಿ ಹಾಕುವವರಿಗೆ ಕಣ್ಣು ಮುಚ್ಚಿ ಒಳಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಹಿಡಿಯಿರಿ ಅನ್ನುತ್ತೇನೆ. ಪ್ರಯೋಗದಲ್ಲಿ ಬೇಕೆಂದೇ ಒತ್ತಲಿಲ್ಲ. ರಕ್ತಕ್ಕೆ ಜಾಸ್ತಿಯೆಂದರೆ ಎಷ್ಟು ಹೋಗಬಹುದು ಎಂಬುದೇ ನಮಗೆ ಬೇಕಿತ್ತು. ಅದಕ್ಕೇ ಬಿಪಿ, ನಾಡಿ, ಇಸಿಜಿ, ಗೊತ್ತಾದ ಹೊತ್ತಿಗೆ ರಕ್ತದ ಮಾದರಿ.

ಹನಿ ಹಾಕುವವರು ಸಿಸ್ಟರ್. ಆಗ ನಾನು ಆ ಕೋಣೆಯಲ್ಲಿ ಇರುವುದಿಲ್ಲ. ಎರಡು ದ್ರಾವಣಗಳ ಮಂದದಲ್ಲಿ ಸ್ವಲ್ಪ ವ್ಯತ್ಯಾಸ ಕಂಡರೂ ನನ್ನ ಮನಸ್ಸು ಊಹೆ ಮಾಡಲು ಶುರುಮಾಡುತ್ತದೆ. ಊಹೆ ಬಂದ ಮೇಲೆ ಕೆಂಪನ್ನು ಅಳೆಯುವ ಕಣ್ಣು ನೆಟ್ಟಗಿರುವುದಿಲ್ಲ.

ಆಮೇಲೆ ಪರೀಕ್ಷೆಗಳ ಸರದಿ. ಇಲ್ಲಿ ಕ್ರಮ ತಪ್ಪಬಾರದು. ಮೊದಲು ಹೇಗನಿಸುತ್ತಿದೆ ಎಂದು ಕೇಳುವುದು. ನಂತರ ಅಕ್ಷರದ ಚಾರ್ಟಿನಲ್ಲಿ ದೃಷ್ಟಿ. ನಂತರ ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕ, ಬಣ್ಣ ಹಾಕಿ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲಿ, ಗಾಯದ ಚುಕ್ಕೆಗಳಿವೆಯೇ ಎಂದು ನೋಡುವುದು. ಒತ್ತಡ ಅಳೆಯುವುದು ಕೊನೆಗೆ, ಯಾಕೆಂದರೆ ಅದಕ್ಕೆ ಕಣ್ಣು ಜೋಮು ಹಿಡಿಸುವ ಹನಿ ಹಾಕಬೇಕು. ಅದು ಬಿದ್ದ ಮೇಲೆ ಉರಿ ಇದೆಯೇ ಎಂದು ಕೇಳಿ ಏನು ಪ್ರಯೋಜನ? ಒತ್ತಡವೂ ದಿನದಲ್ಲಿ ಏರಿಳಿಯುತ್ತದೆ. ಹಾಗಾಗಿ ಪ್ರತಿದಿನ ಅದೇ ಗಂಟೆಗೆ ಅಳೆಯಬೇಕು.

ಕೇಳುವ ಕೆಲಸವೇ ಎಲ್ಲಕ್ಕಿಂತ ಕಷ್ಟ. ಒಬ್ಬ ಹುಡುಗನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿದ್ದ. "ಹೇಗಿದೆ?" ಅಂದರೆ "ಏನಿಲ್ಲ ಡಾಕ್ಟ್ರೇ, ಆರಾಮಾಗಿದೀನಿ" ಅಂದ. ಸ್ವಲ್ಪ ಹೊತ್ತಿಗೆ ಸಿಸ್ಟರ್ ನೀರು ಕೊಡಲು ಹೋದಾಗ "ಮೆಣಸಿನಕಾಯಿ ಮುಟ್ಟಿದ ಕೈ ತಾಗಿದ ಹಾಗಾಯ್ತು ಸಿಸ್ಟರ್" ಎಂದನಂತೆ. ಡಾಕ್ಟರ್ ಎದುರು ದೂರು ಹೇಳುವುದು ಮರ್ಯಾದೆಯಲ್ಲ ಎಂಬ ಸಂಕೋಚ, ಪ್ರಯೋಗದಿಂದ ತೆಗೆದುಹಾಕಿಬಿಟ್ಟರೆ ಎಂಬ ಹೆದರಿಕೆ, ಎರಡೂ ಸೇರಿ ಬಾಯಿ ಕಟ್ಟುತ್ತವೆ.

ಅಂದಿನಿಂದ ಆ ಪ್ರಶ್ನೆಯನ್ನು ನಾನು ಕೇಳುವುದನ್ನು ಬಿಡಿಸಿ ಸಿಸ್ಟರ್‌ಗೆ ಒಪ್ಪಿಸಿದೆವು. ಅದಕ್ಕೂ ಎಥಿಕ್ಸ್ ಕಮಿಟಿಯ ಅನುಮತಿ ಬೇಕಾಯಿತು, ತಗೊಂಡೆವು. ಕಾಗದದ ಮೇಲೆ 100 ಮಿಲಿಮೀಟರ್ ಉದ್ದದ ಗೆರೆ. ಎಡತುದಿಯಲ್ಲಿ 'ಏನೂ ಇಲ್ಲ', ಬಲತುದಿಯಲ್ಲಿ 'ತಡೆಯಲಾರೆ'. ಹನಿ ಬಿದ್ದ ಕೂಡಲೇ, 1 ನಿಮಿಷಕ್ಕೆ, 5 ನಿಮಿಷಕ್ಕೆ ಹೊಸ ಹೊಸ ಹಾಳೆ, ಹಿಂದೆ ಎಲ್ಲಿ ಗುರುತು ಹಾಕಿದ್ದರು ಎಂದು ಕಾಣದ ಹಾಗೆ. ಉರಿ, ತುರಿಕೆ, ಕಸ ಬಿದ್ದ ಹಾಗೆ, ಮಂಜು ಮಂಜು, ಒಂದೊಂದಕ್ಕೂ ಬೇರೆ ಗೆರೆ. "ಉರಿ ಜಾಸ್ತಿ ಇಲ್ಲ ತಾನೇ?" ಎಂದು ಯಾರೂ ಕೇಳಕೂಡದು, ಹಾಗೆ ಕೇಳಿದರೆ ಉತ್ತರವನ್ನು ನಾವೇ ಕೊಟ್ಟಂತೆ. "ಬಾಯಲ್ಲಿ ಏನಾದರೂ ರುಚಿ ಬಂತಾ?" ಎಂಬುದನ್ನೂ ಸೇರಿಸಿದೆವು. ಮೂಗಿನಿಂದ ಗಂಟಲಿಗೆ ಇಳಿದ ಹನಿ ಕೆಲವು ಸಲ ಕಹಿಯಾಗುತ್ತದೆ. ಅದನ್ನು ಯಾರೂ ಕಣ್ಣಿನ ಹನಿಗೆ ಜೋಡಿಸಿ ತಾವಾಗೇ ಹೇಳುವುದಿಲ್ಲ.

ಹಾಳೆಗಳಲ್ಲಿ ಗುರುತು ಬಲಕ್ಕೆ ಸರಿಯತೊಡಗಿತು. ನನಗೆ ಸಮಾಧಾನವಾಯಿತು. ಜನ ಹೇಳಲು ಶುರುಮಾಡಿದ್ದರು.

ಮಳೆಗಾಲದಲ್ಲಿ ಒಬ್ಬ ವಾಲಂಟಿಯರ್ ಕೆಂಪು ಕಣ್ಣು, ಅಂಟು ಪಿಸುರು ಇಟ್ಟುಕೊಂಡು ಬಂದರು. ಊರಲ್ಲೆಲ್ಲ ಮದ್ರಾಸ್ ಐ ಹರಡಿದ್ದ ಕಾಲ. ಅವರ ಮನೆಯಲ್ಲಿ ಮಗುವಿಗೂ ಬಂದಿತ್ತು. ಸುಮ್ನೆ ಮದ್ರಾಸ್ ಐ ಎಂದು ಬರೆದು ಮುಗಿಸಬಹುದಿತ್ತು. ಆದರೆ ಬಾಟಲಿಯೇ ಕಲುಷಿತವಾಗಿದ್ದರೆ? 2023ರಲ್ಲಿ ಅಮೆರಿಕದಲ್ಲಿ ಕೃತಕ ಕಣ್ಣೀರಿನ ಹನಿಗಳಿಂದ ಔಷಧಕ್ಕೆ ಬಗ್ಗದ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಹರಡಿ ಹಲವರ ದೃಷ್ಟಿ ಹೋಯಿತು, ಸಾವುಗಳೂ ಆದವು. ಹಾಗಾಗಿ ಹನಿ ನಿಲ್ಲಿಸಿ, ಕಣ್ಣಿನ ಮಾದರಿಯನ್ನೂ ಬಾಟಲಿಯನ್ನೂ ಲ್ಯಾಬಿಗೆ ಕಳಿಸಿದೆವು. ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲ. ಹನಿ ಬೀಳುತ್ತಿದ್ದದ್ದು ಬಲಗಣ್ಣಿಗೆ, ಬೇನೆ ಶುರುವಾದದ್ದು ಎಡಗಣ್ಣಿನಲ್ಲಿ. ಹನಿಗೆ ಸಂಬಂಧ ಇರುವ ಸಾಧ್ಯತೆ ಕಡಿಮೆ ಎಂದು ಬರೆದೆವು. ಚಿಕಿತ್ಸೆ ನಾವೇ ಕೊಟ್ಟೆವು, ವಾಸಿಯಾಯಿತು. ಸಂಬಂಧ ಇರಲಿ ಬಿಡಲಿ, ಪ್ರಯೋಗದ ಅವಧಿಯಲ್ಲಿ ಕಂಡ ನೆಗಡಿ, ತಲೆನೋವು ಎಲ್ಲವೂ ದಾಖಲೆಗೆ ಬರುತ್ತದೆ. ಇಂದು ಒಂದು ಕಡೆ ಬಿಟ್ಟುಬಿಟ್ಟ ತಲೆನೋವು ಮುಂದೆ ನೂರು ರೋಗಿಗಳಲ್ಲಿ ಕಂಡಾಗ ಹಿಂತಿರುಗಿ ನೋಡಲು ಏನೂ ಇರುವುದಿಲ್ಲ.

ಅತಿ ಹೆಚ್ಚಿನ ಪ್ರಮಾಣದ ತಂಡದಲ್ಲಿ ಕಣ್ಣು ಚೆನ್ನಾಗಿ ಕೆಂಪಾಯಿತು. ಒತ್ತಡ ಇಳಿಸುವ ಹಲವು ಹನಿಗಳ ಗುಣವೇ ಅದು, ಗ್ಲಾಕೋಮಾಕ್ಕೆ ಬಳಸುವ ಲ್ಯಾಟನೊಪ್ರೋಸ್ಟ್ ಹನಿಯಲ್ಲೂ ಕಾಣುತ್ತದೆ. ಮೇಲ್ಪದರದ ರಕ್ತನಾಳ ಹಿಗ್ಗುತ್ತದೆ, ಅದರಿಂದಲೇ ದೃಷ್ಟಿಗೆ ಹಾನಿಯಿಲ್ಲ. ಆದರೆ ಕೆಂಪು ನೋಡಿದ ಕೂಡಲೇ ಇವರಿಗೆ ಔಷಧವೇ ಬಿದ್ದಿದೆ ಎಂದು ನನಗೆ ಹೊಳೆದುಬಿಡುತ್ತದೆ. ಅದಕ್ಕೆ ಒಂದೇ ಬೆಳಕಿನಲ್ಲಿ ಫೋಟೋ ತೆಗೆದು, ಯಾರ ಕಣ್ಣು, ಯಾವ ಹೊತ್ತು ಎಂದು ಗೊತ್ತಿಲ್ಲದ ಇನ್ನೊಬ್ಬ ಡಾಕ್ಟರ್ ಹತ್ತಿರ ಅಂಕ ಹಾಕಿಸಿದೆವು.

ಲೆಕ್ಕ ಕೂಡಿಸಿದಾಗ ಕಾರ್ನಿಯಾ ಎಲ್ಲ ತಂಡಗಳಲ್ಲೂ ಚೆನ್ನಾಗಿತ್ತು, ದೃಷ್ಟಿ ಕುಂದಿರಲಿಲ್ಲ, ನಾಡಿ ಬಿಪಿಯಲ್ಲಿ ಚಿಂತೆಪಡುವಂಥದ್ದು ಇರಲಿಲ್ಲ. ಯಂತ್ರಗಳನ್ನಷ್ಟೇ ಕೇಳಿದ್ದರೆ ಅತಿ ಹೆಚ್ಚಿನ ಪ್ರಮಾಣವೂ ಪಾಸಾಗುತ್ತಿತ್ತು. ಗೆರೆ ಎಳೆದ ಹಾಳೆಗಳು ಬೇರೆ ಹೇಳಿದವು. ಆ ತಂಡದವರ ಉರಿ 5 ನಿಮಿಷವಾದರೂ ಇಳಿದಿರಲಿಲ್ಲ. ಮಧ್ಯದ ಪ್ರಮಾಣದಲ್ಲಿ 1 ನಿಮಿಷಕ್ಕೇ ಕರಗಿಹೋಗುತ್ತಿತ್ತು, ಬರೀ ದ್ರಾವಣಕ್ಕಿಂತ ಅಷ್ಟೇನೂ ಜಾಸ್ತಿಯಿರಲಿಲ್ಲ. ಸುರಕ್ಷತಾ ಸಮಿತಿ ಮೇಲಿನದನ್ನು ಕೈಬಿಟ್ಟು ಮಧ್ಯದ್ದನ್ನು ಮುಂದಿನ ಹಂತಕ್ಕೆ ಕಳಿಸಿತು. ಪ್ರಯೋಗ ಮುಗಿದು ಕೋಡ್ ತೆರೆದ ಮೇಲೆ ಯಾರಿಗೆ ಏನು ಬಿದ್ದಿತ್ತು ಎಂದು ವಾಲಂಟಿಯರ್‌ಗಳಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ತಿಳಿಸಿದೆವು, ಯಾವ ಪ್ರಮಾಣ ಯಾಕೆ ನಿಂತಿತು ಎಂಬುದನ್ನೂ ಹೇಳಿದೆವು.