ಹಳ್ಳಿಯ ನೇತ್ರ ಶಿಬಿರದಲ್ಲಿ ನಾನು ನೋಡುವುದೇನು

ಕೊಪ್ಪಳ ಸೀಮೆಯ ಹಳ್ಳಿಗಳಿಗೆ ಉಚಿತ ನೇತ್ರ ತಪಾಸಣೆಗೆ ಹೋದಾಗ ವಯಸ್ಸಾದವರು ಈಗಲೂ ಕೇಳುತ್ತಾರೆ: ‘ಆಪರೇಷನ್ ಇಲ್ಲೇ ಶಾಲೆಯಲ್ಲಿ ಮಾಡುವುದಿಲ್ಲವೇನ್ರೀ?’ ಊರೂರಿಗೆ ಹೋಗಿ ಅಲ್ಲೇ ಕಣ್ಣಿನ ಆಪರೇಷನ್ ಮಾಡುತ್ತಿದ್ದ ಬೀಳಗಿಯ ಡಾ. ಎಂ.ಸಿ. ಮೋದಿಯವರ ಶಿಬಿರಗಳನ್ನು ಕಂಡು ಕೇಳಿದವರು ಅವರು. ಆಗ ಕಣ್ಣಿನ ಪೊರೆ ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಈಗ ಕಣ್ಣೊಳಗೇ ಕೃತಕ ಮಸೂರ ಕೂರಿಸುವುದರಿಂದ ಸುಸಜ್ಜಿತ ಶಸ್ತ್ರಚಿಕಿತ್ಸಾ ಕೊಠಡಿಯೇ ಬೇಕು. ಹಳ್ಳಿಯಲ್ಲಿ ನನ್ನದು ಶಸ್ತ್ರಚಿಕಿತ್ಸೆಗೆ ತಕ್ಕವರನ್ನು ಆರಿಸುವ ಕೆಲಸ ಮಾತ್ರ.

ಅದಕ್ಕೆ ಮುಖ್ಯವಾಗಿ ಬೇಕಾದದ್ದು ಟಾರ್ಚ್. ಪಾಪೆ ಬೆಳ್ಳಗೆ ಕಂಡಿತೆಂದು ಹೆಸರು ಬರೆದುಕೊಳ್ಳುವುದಿಲ್ಲ. ಒಂದು ಕಣ್ಣು ಮುಚ್ಚಿಸಿ, ಇನ್ನೊಂದಕ್ಕೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಬೆಳಕು ಹಿಡಿದು, ಎತ್ತಲಿಂದ ಬರುತ್ತಿದೆ ತೋರಿಸಿರಿ ಎನ್ನುತ್ತೇನೆ. ಬೆರಳು ಸರಿಯಾಗಿ ಹೋದರೆ ಪೊರೆಯ ಹಿಂದೆ ಅಕ್ಷಿಪಟ ಕೆಲಸ ಮಾಡುತ್ತಿದೆ ಎಂದು ನಂಬಬಹುದು. ದಿಕ್ಕೇ ತಿಳಿಯದಿದ್ದರೆ ಗ್ಲಾಕೋಮಾ, ಅಂದರೆ ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಏರಿ ಬರುವ ರೋಗ, ಕಣ್ಣಿನ ನರವನ್ನು ತಿಂದಿರಬಹುದು. ಪೊರೆ ತೆಗೆದರೂ ಹೋದ ದೃಷ್ಟಿ ಮರಳದು. ಇದನ್ನು ಅಲ್ಲಿಯೇ, ಮನೆಯವರ ಎದುರಿಗೇ ಹೇಳುತ್ತೇನೆ. ಸುಳ್ಳು ಆಸೆ ಹುಟ್ಟಿಸಿ ಬಸ್ ಹತ್ತಿಸಿದರೆ ಮುಂದಿನ ಸಲ ಆ ಊರೇ ನಮ್ಮನ್ನು ನಂಬುವುದಿಲ್ಲ.

ಅದೇ ಟಾರ್ಚನ್ನು ಕಿವಿಯ ಕಡೆಯಿಂದ ಅಡ್ಡ ಹಿಡಿದಾಗ, ಪಾಪೆಯ ಸುತ್ತಲಿನ ಬಣ್ಣದ ಭಾಗದಲ್ಲಿ ಮೂಗಿನ ಪಕ್ಕಕ್ಕೆ ನೆರಳು ಬಿದ್ದರೆ ಕಣ್ಣೊಳಗೆ ಜಾಗ ಇಕ್ಕಟ್ಟು. ಅಂಥವರಿಗೆ ಪಾಪೆ ಹಿಗ್ಗಿಸುವ ಹನಿ ಹಾಕುವುದಿಲ್ಲ. ಹಾಕಿದರೆ ಕಣ್ಣೊಳಗಿನ ಒತ್ತಡ ಒಮ್ಮೆಲೇ ಏರಬಹುದು. ಅವರು ರಾತ್ರಿ ನೋವಿನಿಂದ ಒದ್ದಾಡುವ ಹೊತ್ತಿಗೆ ನಾವು ಊರು ಬಿಟ್ಟಿರುತ್ತೇವೆ. ಮೂಗಿನ ಬದಿಯ ಕಣ್ಣೀರಿನ ಚೀಲ ಒತ್ತಿದಾಗ ಕೀವು ಬಂದರೆ ಮೊದಲು ಅದಕ್ಕೆ ಚಿಕಿತ್ಸೆ.

‘ಪೊರೆ ಇನ್ನೂ ಮಾಗಿಲ್ಲ’ ಎಂದು ಕಾಯುವವರೊಂದಿಗೆ ವಾದ ತಪ್ಪಿದ್ದಲ್ಲ. ಮಾಗಿ ಗಟ್ಟಿಯಾದಷ್ಟೂ ತೆಗೆಯುವುದು ಕಷ್ಟ. ಇನ್ನು ಕೆಲವರು ಒಪ್ಪಿದರೂ ಸುಗ್ಗಿಯಲ್ಲಿ ಜೊತೆಗೆ ಬರುವವರಿರುವುದಿಲ್ಲ. ಹಾಗಾಗಿ ದಿನಾಂಕವನ್ನು ರೋಗಿಗಿಂತ ಮೊದಲು ಸೊಸೆಯ ಹತ್ತಿರ, ಆಶಾ ಕಾರ್ಯಕರ್ತೆಯ ಹತ್ತಿರ ಗೊತ್ತುಮಾಡಿಕೊಳ್ಳುತ್ತೇನೆ.

ಶಿಬಿರಕ್ಕೆ ಬರುವ ಎಷ್ಟೋ ಹೆಂಗಸರಿಗೆ ಶಸ್ತ್ರಚಿಕಿತ್ಸೆಯೇ ಬೇಕಿಲ್ಲ. ನಲವತ್ತು ದಾಟಿದ ಮೇಲೆ ಅಕ್ಕಿಯೊಳಗಿನ ಕಲ್ಲು ಕಾಣುವುದಿಲ್ಲ, ಕೌದಿ ಹೊಲಿಯಲಾಗುವುದಿಲ್ಲ, ಅಷ್ಟೇ. ಅವರ ಕೈಗೆ ಅಕ್ಷರದ ಹಾಳೆಯ ಬದಲು ಸೂಜಿ ದಾರ ಕೊಟ್ಟು, ಒಂದೂವರೆ, ಎರಡು ಪವರ್ ಎಂದು ಕನ್ನಡಕ ಬದಲಿಸುತ್ತಾ ಹೋಗುತ್ತೇನೆ. ದಾರ ಪೋಣಿಸಿದ ಕನ್ನಡಕ ಅವರದು. ದಾನಿಗಳಿಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರ ಸಾಲಿನ ಫೋಟೊ ಬೇಕು. ಈ ಅಗ್ಗದ ಕನ್ನಡಕಕ್ಕೆ ಹಣ ಕೇಳಿದರೆ ಮುಖ ಸಣ್ಣದು ಮಾಡುತ್ತಾರೆ. ಅದನ್ನು ನಾನೇ ಕೊಂಡು ಒಯ್ಯುತ್ತೇನೆ.