ಬರೀ ತಗಡಿಗೆ ಮೊದಲು ಇಪಾಕ್ಸಿ, ಆಮೇಲೆ ಪೇಸ್ಟ್: ಹಳೇ ಮ್ಯಾಸಿ 1035 ಟ್ರ್ಯಾಕ್ಟರ್‌ನಲ್ಲಿ ನನ್ನ ಅನುಭವ

ಎರಡು ಮಳೆಗಾಲ ಕಳೆದವು, ಬಾನೆಟ್ ಮೇಲೆ ಒಂದು ಗುಳ್ಳೆ ಎದ್ದಿಲ್ಲ. ತಗಡಿಗೆ ಮೊದಲು ಇಪಾಕ್ಸಿ ಪ್ರೈಮರ್ ಹೊಡೆದು, ಅದರ ಮೇಲೆ ಗುಳಿ ತುಂಬುವ ಪೇಸ್ಟ್ (ಪುಟ್ಟಿ) ಎಳೆದಿದ್ದೆ. ‘ಪ್ರೈಮರ್ ಮೇಲೆ ಪೇಸ್ಟ್ ಎಳೆದರೆ ಹಪ್ಪಳ ಎದ್ದು ಬರುತ್ತೆ ಬಿಡಿ ಸಾರ್’ ಅಂತ ಮಂಡ್ಯದಲ್ಲಿ ಕೇಳಿದ ಪೇಂಟರ್‌ಗಳೆಲ್ಲ ನಕ್ಕಿದ್ದರು. ಅವರದು ಪೂರ್ತಿ ತಪ್ಪೂ ಅಲ್ಲ. ರೆಡ್ ಆಕ್ಸೈಡ್ ಪ್ರೈಮರ್ ಮೇಲೆ ಎಳೆದರೆ ಎದ್ದೇ ಬರುತ್ತದೆ. ಆಸಿಡ್ ಇರುವ ಎಚ್ (etch) ಪ್ರೈಮರ್ ಮೇಲಾದರೆ ಪೇಸ್ಟ್ ನೆಟ್ಟಗೆ ಗಟ್ಟಿಯಾಗುವುದಿಲ್ಲ. ನಾನು ಹೊಡೆದದ್ದು ಎರಡು ಡಬ್ಬಿ ಕಲಸುವ ಇಪಾಕ್ಸಿ.

ಇದಕ್ಕೂ ಮುಂಚೆ ಎರಡು ಸಲ ದುಡ್ಡು ಹೋಗಿತ್ತು. ಮೊದಲ ಕಾಂಟ್ರಾಕ್ಟು ಹದಿನೆಂಟು ಸಾವಿರದ ಆಸುಪಾಸು. ತಗಡಿಗೆ ನೇರ ಪೇಸ್ಟ್, ಅದರ ಮೇಲೆ ನೀರು ಹಾಕಿ ಎಮ್ರಿ ಕಾಗದದಲ್ಲಿ ಉಜ್ಜು, ಅದೇ ಸಂಜೆ ಬಣ್ಣಕ್ಕೆ ಮುಂಚಿನ ಸರ್ಫೇಸರ್ ಕೋಟು. ದೀಪಾವಳಿಗೆ ಮಿಂಚಿದ ಗಾಡಿ ಯುಗಾದಿಗೆ ಗುಳ್ಳೆ ಗುಳ್ಳೆ. ಕೆರೆದರೆ ಪೇಸ್ಟ್ ಅಡಿಯಲ್ಲಿ ಹಸಿ ತುಕ್ಕು. ಪಾಲಿಯೆಸ್ಟರ್ ಪೇಸ್ಟ್ ನೀರು ಕುಡಿಯುತ್ತದೆ, ಕುಡಿದದ್ದನ್ನು ಬಣ್ಣದ ಕೆಳಗೆ ಮುಚ್ಚಿಟ್ಟರೆ ತಗಡಿಗೇ ಇಳಿಯುತ್ತದೆ. ಎರಡನೆಯವರು ಗ್ರೈಂಡರ್‌ಗೆ ಕಪ್ ಬ್ರಷ್ ಸಿಕ್ಕಿಸಿ ತಗಡನ್ನು ಕನ್ನಡಿ ಮಾಡಿಬಿಟ್ಟರು. ನೋಡಲು ಚೆಂದ, ಆದರೆ ನುಣ್ಣಗಿರುವುದಕ್ಕೆ ಯಾವುದೂ ಕಚ್ಚುವುದಿಲ್ಲ, ಗುಳಿಯೊಳಗಿನ ತುಕ್ಕು ಪಾಲಿಶ್ ಆಗಿ ಅಲ್ಲೇ ಕೂತಿರುತ್ತದೆ. ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಹತ್ತು ಸಾವಿರ ಕೇಳಿದರು. ಬಾನೆಟ್ ತಗಡು ಅಲೆ ಅಲೆಯಾದರೆ ಯಾರು ಹೊಣೆ ಅಂದೆ, ಸುಮ್ಮನಾದರು.

ಮೂರನೇ ಸಲ ನಾನೇ ಇಳಿದೆ.

ನಿಜವಾದ ಶತ್ರು ಮಡ್‌ಗಾರ್ಡ್‌ನಲ್ಲಿತ್ತು. ವರ್ಷಗಟ್ಟಲೆ ಅದರ ಮೇಲೆ ಪೊಟ್ಯಾಷ್, ಯೂರಿಯಾ ಮೂಟೆ ಹೇರಿದ್ದೇವಲ್ಲ, ಪೊಟ್ಯಾಷ್‌ನಲ್ಲಿರುವ ಕ್ಲೋರೈಡ್ ಉಪ್ಪು ಗುಳಿಗಳಲ್ಲಿ ಸೇರಿಕೊಂಡಿರುತ್ತದೆ. ಬೆಳ್ಳಗೆ ಉಜ್ಜಿ ರಾತ್ರಿ ಬಿಟ್ಟರೆ ಬೆಳಗ್ಗೆ ಅದೇ ಜಾಗದಲ್ಲಿ ಕಪ್ಪು ಚುಕ್ಕೆ. ಬಿಸಿ ನೀರು, ನೈಲಾನ್ ಬ್ರಷ್, ಒಣಗಿಸು, ಉಜ್ಜು, ಮತ್ತೆ ತೊಳೆ. ಚುಕ್ಕೆ ಬರುವುದು ನಿಲ್ಲುವ ತನಕ ಇದೇ ಕೆಲಸ. ಆ ನೀರಿಗೆ ನಾನು ಏನು ಬೆರೆಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಬ್ಯಾಟರಿ ಪೆಟ್ಟಿಗೆಗೆ ಮಾತ್ರ ಅಡುಗೆ ಸೋಡಾ ನೀರು.

ಸಣ್ಣ ಸಾಮಾನಿನ ತುಕ್ಕು ಬಿಡಿಸಲು ಕಾಕಂಬಿ (ಮೊಲಾಸಸ್) ಪ್ರಯೋಗ ಮಾಡಿದೆ. ಒಂದು ಪಾಲು ಕಾಕಂಬಿ, ಒಂಬತ್ತು ಹತ್ತು ಪಾಲು ನೀರು, ಡ್ರಮ್‌ನಲ್ಲಿ ಎರಡು ಮೂರು ವಾರ. ವಾಸನೆಗೆ ಮನೆಯವರು ಡ್ರಮ್ಮನ್ನು ಹಿತ್ತಿಲಿಂದಲೂ ಓಡಿಸಿದರು. ಆದರೆ ಬಾನೆಟ್ ಕೊಂಡಿ, ಟೂಲ್ ಬಾಕ್ಸ್ ಬೂದು ಬಣ್ಣಕ್ಕೆ ತಿರುಗಿ ಹೊರಬಂದವು, ಒಳ್ಳೆ ಕಬ್ಬಿಣ ಸವೆದಿರಲಿಲ್ಲ. ಅಲ್ಯೂಮಿನಿಯಂ ಹಾಕಬೇಡಿ, ತಿಂದುಹಾಕುತ್ತದೆ. ವಾಷಿಂಗ್ ಸೋಡಾ ನೀರಿಗೆ ಬ್ಯಾಟರಿ ಚಾರ್ಜರ್‌ನಿಂದ ಕರೆಂಟ್ ಹರಿಸಿ ತುಕ್ಕು ಬಿಡಿಸುವ ದಾರಿಯೂ ಆಗುತ್ತದೆ, ಪ್ಲಸ್ ವೈರಿಗೆ ಸ್ಟೇನ್‌ಲೆಸ್ ಸ್ಟೀಲ್ ತುಂಡು ಮಾತ್ರ ಕಟ್ಟಿ ಇಳಿಬಿಡಬೇಡಿ, ಕ್ರೋಮಿಯಂ ವಿಷ ಬಿಡುತ್ತದೆ. ತುಕ್ಕಿಗೆ ಹಚ್ಚುವ ಫಾಸ್ಫಾರಿಕ್ ಆಸಿಡ್ ಕನ್ವರ್ಟರ್ ನನಗೆ ಒಗ್ಗಲಿಲ್ಲ. ಸರಿಯಾಗಿ ತೊಳೆಯದಿದ್ದರೆ ಇಪಾಕ್ಸಿ ಅದರ ಮೇಲೆ ಹಿಡಿಯುವುದಿಲ್ಲ.

ತಗಡು ಶುದ್ಧವಾದ ಮೇಲೆ 80 ನಂಬರ್ ಎಮ್ರಿಯಲ್ಲಿ ಅಡ್ಡ ಉದ್ದ ಗೀರು. ಥಿನ್ನರ್‌ನಲ್ಲಿ ಒರೆಸಲು ಎರಡು ಬಟ್ಟೆ, ಒಂದು ಒದ್ದೆ, ಹಿಂದೆಯೇ ಒಂದು ಒಣ. ಒಂದೇ ಬಟ್ಟೆಯಾದರೆ ಗ್ರೀಸು ಜಾಗ ಬದಲಿಸುತ್ತದೆ, ಅಷ್ಟೇ. ನಮ್ಮದು ನಾಲೆ ಬಯಲಿನ ಊರು, ಸಂಜೆಯಾದರೆ ತಗಡು ಬೆವರುತ್ತದೆ. ಹಾಗಾಗಿ ಶಿವರಾತ್ರಿ ಕಳೆದ ಮೇಲೆ ಶುರು ಮಾಡಿ, ಬೆಳಗ್ಗೆ ಉಜ್ಜಿದ್ದಕ್ಕೆ ಮಧ್ಯಾಹ್ನದೊಳಗೆ ಇಪಾಕ್ಸಿ ಹೊಡೆದೆ. ಕಲಸಿ ಇಪ್ಪತ್ತು ನಿಮಿಷ ಬಿಟ್ಟು ತೆಳುವಾಗಿ ಎರಡು ಕೋಟು. ಮಾರನೇ ದಿನ 180ರಲ್ಲಿ ಮಂಕಾಗಿಸಿ ಆಮೇಲೆ ಪೇಸ್ಟ್. ಬಿಸಿಲು ಜೋರಿದ್ದರೆ ಪೇಸ್ಟ್‌ಗೆ ಬೆರೆಸುವ ಹಾರ್ಡನರ್ ಕಡಿಮೆ ಹಾಕಿ. ಜಾಸ್ತಿಯಾದರೆ ಅದರ ಕಲೆ ಮೇಲಿನ ಬಣ್ಣದಲ್ಲೂ ಮೂಡುತ್ತದೆ. ಪೇಸ್ಟ್ ಉಜ್ಜುವುದು ನೀರು ಹಾಕದೆ ಒಣಗಿರುವಾಗಲೇ, ಮುಖಕ್ಕೆ ಮಾಸ್ಕ್ ಇರಲಿ. ನೀರು ಮುಟ್ಟಿದ್ದು ಸರ್ಫೇಸರ್ ಆದ ಮೇಲೆಯೇ.

ಇಪಾಕ್ಸಿಗೆ ಎರಡು ಸಾವಿರದ ಹತ್ತಿರ, ಪೇಸ್ಟ್, ಎಮ್ರಿ, ಥಿನ್ನರ್‌ಗೆ ಎರಡೂವರೆ, ಕೆಂಪು ಬಣ್ಣ, ಎಂಜಿನ್ನಿನ ಬೂದು ಬಣ್ಣ, ಗನ್ ಬಾಡಿಗೆ ಸೇರಿ ಇನ್ನೊಂದು ಏಳು. ಹನ್ನೆರಡು ಸಾವಿರ ದಾಟಿರಲಿಕ್ಕಿಲ್ಲ. ನಕ್ಕಿದ್ದವರಲ್ಲಿ ಒಬ್ಬರು ಮೊನ್ನೆ ಮಡ್‌ಗಾರ್ಡ್ ಅಂಚಿಗೆ ಉಗುರು ಹಾಕಿ ಕೆರೆದು ನೋಡಿ, ಯಾವ ಕಂಪನಿ ಇಪಾಕ್ಸಿ ಅಂತ ಕೇಳಿದರು. ಟೀ ಕೊಡಿಸಿದೆ, ಕಂಪನಿ ಹೆಸರು ಹೇಳಲಿಲ್ಲ.